ಪರದೆಯ ಆಚೆ ಎರಡು ಸೀಟು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಯಾರನ್ನೇ ಕೇಳಿ, ಮಲ್ಲಿಕಾರ್ಜುನ ಸರ್ ಮಹಾ ಜಿಪುಣರು, ವಿಮಾನ ಹತ್ತಿದಾಗಲೆಲ್ಲ ಸಿಗುವ ಪಾಯಿಂಟುಗಳನ್ನು ಕೊಳೆಯುವ ತನಕ ಕೂಡಿಟ್ಟರು ಎನ್ನುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡವಳು ನಾನು. ಈ ವಾದವನ್ನು ಮೊದಲ ನಿಮಿಷದಲ್ಲೇ ಕೆಡವಬಲ್ಲೆ. ಜಿಪುಣನಿಗೆ ಖರ್ಚಾದರೆ ಸಂಕಟ. ಇವರಿಗೆ ಖರ್ಚಾಗದಿರುವುದೇ ಸಂಕಟವಾಗಿತ್ತು.

ಆರಡಿ ಮೂರಂಗುಲದ ಮನುಷ್ಯ. ಶಾಂಪೂ ಪೊಟ್ಟಣ ಕಟ್ಟುವ ನಮ್ಮ ಯಂತ್ರ ಗುವಾಹಟಿಯಲ್ಲಿ ಕೆಟ್ಟರೂ ಕೊಚ್ಚಿಯಲ್ಲಿ ಕೆಟ್ಟರೂ ಇವರೇ ಹೋಗಬೇಕು, ಅದೂ ಕಂಪನಿ ಕೊಡಿಸುವ ಅಗ್ಗದ ಹಿಂದಿನ ಸಾಲಿನಲ್ಲಿ. ವಾಪಸ್ ಬಂದ ದಿನ ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. "ವಿಮಾನ ಇಳದೈತಿ, ಮೊಣಕಾಲು ಇನ್ನೂ ಇಳದಿಲ್ಲ" ಎನ್ನುತ್ತಿದ್ದರು.

ಆದರೆ ಆಸೆ ಮೊಣಕಾಲಿನದಾಗಿರಲಿಲ್ಲ. ಪ್ರತಿ ಟೂರಿಗೂ ಅವರ ಅಂಗಿ ಮಡಚಿಕೊಡುತ್ತಿದ್ದ ಹೆಂಡತಿ ಗಂಗಕ್ಕನಿಗೆ ಎಂದೋ ಒಂದು ಮಾತು ಕೊಟ್ಟಿದ್ದರು: ಒಂದು ಸಲ ಇಬ್ಬರೂ ಪರದೆಯ ಆಚೆ, ಬಿಸಿನೆಸ್ ಕ್ಲಾಸಿನಲ್ಲಿ, ಅಕ್ಕಪಕ್ಕ. ಪಾಯಿಂಟು ಬೇಕಾದಷ್ಟಿದ್ದವು. ಪಾಯಿಂಟಿಗೆ ಕೊಡುವ ಸೀಟು ಮಾತ್ರ ಯಾವ ದಿನ ಹುಡುಕಿದರೂ ಇಲ್ಲ.

ಒಮ್ಮೆ ಊಟದ ಹೊತ್ತಿನಲ್ಲಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯ ಹುಡುಗಿ ತುಂಬಾ ನಯವಾಗಿ, "ಸೀಟ್ ಇದೆ ಸಾರ್, ಆದರೆ ಪಾಯಿಂಟ್ಸ್‌ಗೆ ಇಲ್ಲ" ಎಂದಳು.

"ಖಾಲಿ ಐತಿ ಅಂತೀರಿ, ನನಗ ಮಾತ್ರ ಇಲ್ಲ ಅಂತೀರಿ. ಅದೇನ್ ಸೀಟೋ, ಗರ್ಭಗುಡಿಯೋ?"

"ನನ್ನ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಾ ಸಾರ್?"

ಐದೇ ಕೊಟ್ಟರು. "ಅಕೀದೇನ್ ತಪ್ಪು?" ಅಂದರು.

ಮರುವಾರ ಅವರ ಮೇಜಿನ ಮೇಲೊಂದು ಪಂಚಾಂಗದ ಕ್ಯಾಲೆಂಡರ್ ಬಂತು. ಅಮಾವಾಸ್ಯೆ, ರಾಹುಕಾಲಗಳಿಗೆಲ್ಲ ಕೆಂಪು ಸುತ್ತು. ಒಳ್ಳೆಯ ದಿನಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

"ಇದೇನ್ ಸಾರ್, ನೀವೂ ಇದನ್ನೆಲ್ಲ ನಂಬ್ತೀರಾ?"

"ನಾ ನಂಬಂಗಿಲ್ಲ ವಕೀಲವ್ವಾ. ನಂಬೋ ಮಂದಿ ಅವತ್ತ ಹೊರಗ ಬೀಳೂದಿಲ್ಲ. ಅವರ ಸೀಟು ಖಾಲಿ ಇರ್ತಾವ."

"ತಮಿಳರಿಗೆ ಅಮಾವಾಸ್ಯೆ ಶುಭದಿನ ಸಾರ್. ಅವರೂ ವಿಮಾನ ಹತ್ತುತ್ತಾರೆ. ನಿಮ್ಮ ವಾದ ಬಿತ್ತು."

ಮೂರನೆಯ ದಿನ ಪಕ್ಕದಲ್ಲಿ ತಮಿಳು ಕ್ಯಾಲೆಂಡರೂ ನೇತಾಡುತ್ತಿತ್ತು. ಎರಡರಲ್ಲೂ ಕೆಟ್ಟದಾಗಿರುವ ದಿನ ಬೇಕು. ಅವರಿಗೆ ತಮಿಳು ಓದಲು ಬಾರದು. ಪ್ಯಾಕಿಂಗ್ ವಿಭಾಗದ ಸೆಲ್ವಿಯಕ್ಕ ದಿನಾ ಟೀ ಹೊತ್ತಿಗೆ ಬಂದು ಕೆಟ್ಟ ದಿನಗಳನ್ನು ಓದಿ ಹೇಳಬೇಕಾಯಿತು. "ಸಾರ್, ಎಲ್ರೂ ಒಳ್ಳೇದ್ ಕೇಳ್ತಾರೆ, ನೀವ್ ಒಬ್ರೇ ಹಿಂಗೆ" ಎಂದು ಆಕೆ ಗೊಣಗುತ್ತಿದ್ದಳು.

ಸರ್‌ಗೆ ನಿವೃತ್ತಿಯಾಯಿತು. ಪಾಯಿಂಟುಗಳ ಅವಧಿ ಮುಗಿಯಲು ತಿಂಗಳೂ ಉಳಿದಿರಲಿಲ್ಲ. ಆಗ ಒಂದು ಅಷ್ಟಮಿಯ ರಾಹುಕಾಲದ ದೆಹಲಿ ವಿಮಾನದಲ್ಲಿ ಸೀಟು ಸಿಕ್ಕಿತು. ಒಂದು. ಅದನ್ನು ಹಿಡಿದುಕೊಂಡು, ದುಡ್ಡು ಕೊಟ್ಟು ಇನ್ನೊಬ್ಬರಿಗೆ ಹಿಂದೆ ಸಾಧಾರಣ ಟಿಕೆಟ್ ತೆಗೆದರು.

"ದಿಲ್ಲಿಯಾಗ ಏನೈತ್ರಿ?" ಎಂದು ಗಂಗಕ್ಕ ಕೇಳಿದರಂತೆ.

"ದಿಲ್ಲಿ ಯಾರಿಗ್ ಬೇಕ? ದಾರಿ ಬೇಕು."

ಇದು ಸೋಲು ಸಾರ್ ಎಂದು ನಾನು ಫೋನಿನಲ್ಲಿ ವಾದಿಸಿದೆ. ಅರ್ಧ ಗೆಲುವು ಅನ್ನು ವಕೀಲವ್ವಾ, ಅಂದರು. ಮುಂದೆ ಯಾರು ಕೂರುತ್ತೀರಿ ಎಂದಿದ್ದಕ್ಕೆ ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟರು. ಲೈನ್ ಚೆನ್ನಾಗಿಯೇ ಇತ್ತು.

ಅವರನ್ನು ಕೊನೆಯದಾಗಿ ಕಂಡದ್ದು ಬೇಗೂರಿನ ಫ್ಲ್ಯಾಟಿನಲ್ಲಿ, ಅವರು ಧಾರವಾಡಕ್ಕೆ ಸಾಮಾನು ಸಾಗಿಸುತ್ತಿದ್ದ ಬೆಳಿಗ್ಗೆ. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ಇಕಿನ್ನ ಮುಂದ ಕೂಡ್ಸಿದೆ. ರಾಣಿ ಹಂಗ ಹೋದ್ಲು. ನಾ ಹಿಂದ. ಮಗ್ಗಲಾಗ ಒಂದು ಕೂಸು, ದಿಲ್ಲಿ ಬರೂತನಕಾ ಚೀರೇ ಚೀರಿತು."

ಅಷ್ಟು ಹೇಳಿ, ಲಾರಿಯವನು ಬೀರು ಬೀಳಿಸುತ್ತಾನೆಂದು ಕೆಳಗೆ ಓಡಿದರು. ಅಡುಗೆಮನೆಯಿಂದ ಗಂಗಕ್ಕ ಮಂಡಕ್ಕಿ ಗಿರ್ಮಿಟ್ ತಟ್ಟೆ ತಂದು ನನ್ನ ಕೈಗಿತ್ತರು.

"ಸುಳ್ಳು ಅದು. ಉದ್ದ ಮನಷ್ಯಾ, ಕಾಲು ಚಾಚಲಿ ಅಂತ ಅವರನ್ನ ಮುಂದ ಕಳ್ಸಿದೆ. ನಾನೇ ಹಿಂದ ಕುಂತಾಕಿ. ಆ ಕೂಸು ನನ್ನ ಸೆರಗು ಹಿಡದು ಅತ್ತಿದ್ದೇ ಅತ್ತಿದ್ದು. ಕಡೀಕ ಮಗ್ಗಲಾಗ ಕುಂತ ಇವರು ಮಂಗ್ಯಾನ ಮಾರಿ ಮಾಡಿ ತೋರಿಸಿದ ಮ್ಯಾಲೇ ಸುಮ್ಮನಾತು ನೋಡು."

ಹೇಳಿದವರೇ ನಾಲಿಗೆ ಕಚ್ಚಿಕೊಂಡು, ಖಾಲಿ ಗೋಡೆಯನ್ನು ಬಲು ಆಸಕ್ತಿಯಿಂದ ನೋಡತೊಡಗಿದರು. ನಾನು ಚಮಚ ಕೆಳಗಿಟ್ಟೆ.

"ಅಕ್ಕಾ, ಹಾಗಾದ್ರೆ ಮುಂದಿನ ಸೀಟಲ್ಲಿ ಯಾರು ಕೂತಿದ್ರು?"