ಸ್ಟೇಷನ್ ರಸ್ತೆಯ ಮೊದಲ ಒಬ್ಬೆ ಇಡ್ಲಿ

"ಅಮ್ಮಾವ್ರೇ, ನಮ್ಮಂಗ್ಡೀನ ಎತ್ತುಸ್ಬೇಕು ಅಂತ ನೀವೂ ಹೇಳಿದ್ದೀರಂತೆ?"

ವೈಟ್‌ಫೀಲ್ಡ್ ಸ್ಟೇಷನ್ ರಸ್ತೆಯಲ್ಲಿ ಇಡ್ಲಿ ಮಾರುವ ಲಕ್ಷ್ಮಮ್ಮ ಕಳೆದ ವಾರ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ನಾನು? ಯಾವಾಗ?

ಮನೆಗೆ ಬಂದು ಬಡಾವಣೆಯ ವಾಟ್ಸಾಪ್ ಗ್ರೂಪ್ ತೆರೆದೆ. ರಸ್ತೆ ಸುಧಾರಣೆಯ ಪ್ಲಾನ್ ಅಲ್ಲಿತ್ತು. ಕೊನೆಯ ಸಾಲು: ಗೂಡಂಗಡಿಗಳ ತೆರವು. ಒಪ್ಪುವವರು ಥಂಬ್ಸ್ ಅಪ್ ಹಾಕಿ ಎಂದಿದ್ದರು. ನಾನು ಹಾಕಿದ್ದೆ. (ಯಾರು ಏನು ಕಳಿಸಿದರೂ ಹೆಬ್ಬೆರಳು ಒತ್ತುತ್ತೇನೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಅನ್ನಿ.)

ಪ್ಲಾನ್ ಮಾಡಿದವಳು ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಶ್ರುತಿ. ಅವಳನ್ನು ಬೈಯಲು ನನಗೆ ಬಾಯಿ ಬರದು. ನಾನು ಫ್ರಾಕ್ ಹಾಕಿಕೊಂಡು ರೈಲು ಹತ್ತುತ್ತಿದ್ದ ಕಾಲದಲ್ಲಿ ಇದು ದ್ರಾಕ್ಷಿ ಬುಟ್ಟಿ, ಹೆಂಚಿನ ಬಂಗಲೆ, ಪಿಯಾನೋ ಸದ್ದಿನ ಪುಟ್ಟ ರೈಲ್ವೆ ಊರು. ಆಮೇಲೆ ಲಾರಿ, ಧೂಳು, ಕಸ. ಶ್ರುತಿ ಮತ್ತವಳ ಗೆಳೆಯರು ತಮ್ಮ ಭಾನುವಾರಗಳನ್ನೆಲ್ಲ ಕೊಟ್ಟು ಕಸ ಎತ್ತಿದರು, ಫುಟ್‌ಪಾತ್ ರಿಪೇರಿ ಮಾಡಿಸಿದರು, ಪೋಸ್ಟರ್ ಕಿತ್ತು ಹಳೇ ಕಲ್ಲಿನ ಗೋಡೆಗೆ ಮತ್ತೆ ಮುಖ ಕೊಟ್ಟರು. ಹಳಬರಾದ ನಾವೇನು ಮಾಡಿದೆವು? ನಿಟ್ಟುಸಿರು ಬಿಟ್ಟೆವು.

ಆದರೆ ಲಕ್ಷ್ಮಮ್ಮ? ಹಿಂದೆ ರೈಲ್ವೆ ಗೇಟ್ ಬಿದ್ದು ಕಾಯುತ್ತಿದ್ದವರ ಹೊಟ್ಟೆ ನೋಡಿಕೊಂಡವಳು ಅವಳ ಅತ್ತೆ. ಇವಳ ಬದುಕೂ ಅದೇ ಒಲೆಯ ಮೇಲೆ.

ಶ್ರುತಿಯನ್ನು ಲಕ್ಷ್ಮಮ್ಮನ ಅಂಗಡಿಗೇ ತಿಂಡಿಗೆ ಕರೆದೆ. ಬೆಳಿಗ್ಗೆ ಆರೂವರೆಗೆ ಹೋದೆವು. ಕೊರಳಿಗೆ ಐಡಿ ಕಾರ್ಡ್ ಹಾಕಿದವರ ಉದ್ದ ಸಾಲು. ಲಕ್ಷ್ಮಮ್ಮ ಒಬ್ಬರಿಗೂ ಕೊಡುತ್ತಿಲ್ಲ.

"ಬೆಂದಿದ್ಯಲ್ಲ ಆಂಟಿ, ಕೊಡಿ. ಟ್ರೈನ್ ಬಂದ್ಬಿಡುತ್ತೆ" ಎಂದನೊಬ್ಬ.

"ಮೊದ್ಲ ಒಬ್ಬೆ ಗ್ಯಾಂಗ್‌ಮನ್‌ಗಳ್ದು ಕಣಪ್ಪಾ. ಅವ್ರು ಕಂಬಿ ನೋಡಿದ್ಮೇಲಲ್ವಾ ನಿನ್ ಟ್ರೈನು?"

ಕಿತ್ತಳೆ ಜಾಕೆಟ್ಟಿನ ನಾಲ್ವರು ಬಂದರು, ತಿಂದರು, ಹಳಿಯತ್ತ ನಡೆದರು. ಅಲ್ಲಿಯವರೆಗೆ ಸಾಲು ಕದಲಲಿಲ್ಲ. ಅತ್ತೆಯ ಕಾಲದಿಂದಲೂ ಇದೇ ಕಟ್ಟಳೆಯಂತೆ.

ಶ್ರುತಿ ನನಗೆ ಮೆತ್ತಗೆ ಹೇಳಿದಳು, "ನಾನು ಸ್ಕೆಚ್ ಮಾಡೋಕೆ ಬಂದಾಗ ಹನ್ನೊಂದು ಗಂಟೆ ಆಂಟಿ. ಇಲ್ಲಿ ಖಾಲಿ ಪಾತ್ರೆ ಬಿಟ್ರೆ ಏನೂ ಇರ್ಲಿಲ್ಲ."

ಎರಡು ದಿನದಲ್ಲಿ ಹೊಸ ಡ್ರಾಯಿಂಗ್ ಬಂತು. ಅಂಗಡಿ ಅದರಲ್ಲಿತ್ತು, ಮೇಲೊಂದು ಚಂದದ ಸೂರು ಸಮೇತ. ಗ್ರೂಪ್ ಒಪ್ಪಿತು. ತಾನೇ ಎಳೆದ ಗೆರೆಯನ್ನು ತಾನೇ ಅಳಿಸುವ ದೊಡ್ಡತನ ಈ ವಯಸ್ಸಿಗೇ ಅವಳಿಗೆ ಎಲ್ಲಿಂದ ಬಂತೋ!

ಲಕ್ಷ್ಮಮ್ಮನಿಗೆ ತೋರಿಸಲು ಇಬ್ಬರೂ ಹೋದೆವು. (ಒಂದು ಥ್ಯಾಂಕ್ಸ್ ನಿರೀಕ್ಷಿಸಿದ್ದು ನಿಜ.) ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಎಲ್ಲಾ ಚೆನ್ನಾಗೈತವ್ವಾ. ತಿಂದೋರು ಕೈ ತೊಳ್ಕೊಳೋದೆಲ್ಲಿ?"

ಊರು ಕಟ್ಟುವ ಮೀಟಿಂಗಿಗೆ ಇಂಥವರನ್ನು ಮೊದಲೇ ಕರೆಯಲು ನಮಗೇನು ಕಷ್ಟ?