ವೈನಿಗೊಂದು ಕೋಣೆ

ವೈನ್ ಇಡುವುದಕ್ಕೆಂದು ಒಬ್ಬ ಮನುಷ್ಯ ಗುಡ್ಡ ಕೊರೆಯುತ್ತಾನೆ ಎಂದರೆ ಮರಳುಗಾಡಿನ ಗಣಿಯೂರು ಕೂಬರ್ ಪೀಡಿಯಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ ಮನೆಗಳೇ ನೆಲದೊಳಗೆ. ಊರೊಳಗೆ ಓಪಲ್ ಹರಳಿಗಾಗಿ ಅಗೆಯುವಂತಿಲ್ಲ, ಮನೆಗೆ ಕೋಣೆ ಹೆಚ್ಚಿಸಿಕೊಳ್ಳಲು ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಮಕ್ಕಳಿಲ್ಲದವರೂ ಮಕ್ಕಳಿಗೆಂದು ಕೋಣೆ ಕೊರೆಯುತ್ತಾರೆ, ನೆಂಟರು ತಲೆಹಾಕದ ಮನೆಯವರು ನೆಂಟರಿಗೆಂದು ಎರಡೆರಡು ಕೊರೆಯುತ್ತಾರೆ. ಓಪಲ್ ಅಗೆದೇ ಮುದುಕನಾದ ಫ್ರಾನೆ ತನ್ನ ಅಡುಗೆಮನೆಯ ಹಿಂದಿನ ಗೋಡೆಗೆ ಪಿಕಾಸಿಯ ಮೊದಲ ಏಟು ಹಾಕಿದ್ದೇ ತಡ, ಪಕ್ಕದ ಮನೆಯ ಗ್ರೀಕ್ ಮುದುಕ ಸ್ಟೆಲಿಯೊಸ್ ಬಾಗಿಲಲ್ಲಿ ಹಾಜರಾದ.

"ಏನಪ್ಪಾ, ಮತ್ತೆ ಶುರು ಹಚ್ಕೊಂಡ್ಯಾ?"

"ವೈನಿಗೆ ಕೋಣೆ."

"ಹೌದೌದು. ನಾನೂ ಹೋದ ವರ್ಷ ಕೋಳಿಗೆ ಅಂತ ಒಂದು ಕೊರೆದೆ. ಕೋಳಿ ಇನ್ನೂ ಬಂದಿಲ್ಲ."

ಸ್ಟೆಲಿಯೊಸ್ ನಂಬದಿದ್ದರೆ ಫ್ರಾನೆಯ ಗಂಟೇನೂ ಹೋಗುತ್ತಿರಲಿಲ್ಲ. ನಂಬಬೇಕಾಗಿದ್ದವಳು ಹೆಂಡತಿ ನೆವೆಂಕಾ. ಮದುವೆಯಾಗಿ ಈ ಕೆಂಪು ಧೂಳಿಗೆ ಬಂದಾಗಿನಿಂದ ಅವಳು ಕೇಳಿಸಿಕೊಂಡು ಬಂದದ್ದು ಒಂದೇ ಮಾತು: ಇನ್ನೊಂದೇ ಒಂದು ಮೀಟರ್, ಆಮೇಲೆ ಸಮುದ್ರದ ದಂಡೆಗೆ ಹೋಗಿ ಇದ್ದುಬಿಡೋಣ. ಆ ಮೀಟರುಗಳನ್ನೆಲ್ಲ ಸೇರಿಸಿದ್ದರೆ ಸಮುದ್ರವೇ ಸಿಕ್ಕಿಬಿಡುತ್ತಿತ್ತೇನೋ. ಕೊನೆಗೊಂದು ದಿನ ಅವಳು ಅಟ್ಟದಿಂದ ಬಟ್ಟೆಯ ಪೆಟ್ಟಿಗೆ ಕೆಳಗಿಳಿಸಿ, ಇನ್ನು ಓಪಲ್ಲಿಗೆಂದು ಒಂದು ಗುದ್ದು ಹಾಕಿದರೂ ಪೋರ್ಟ್ ಲಿಂಕನ್‌ನ ಅಕ್ಕನ ಮನೆಗೆ ಹೊರಟೆ ಎಂದಳು. ಫ್ರಾನೆ ಸತ್ತ ತಾಯಿಯ ಮೇಲೆ ಆಣೆಯಿಟ್ಟು ಅಗೆಯುವ ಯಂತ್ರ ಮಾರಿದ. ಅಂದಿನಿಂದ ಮಾತು ತಪ್ಪಿರಲಿಲ್ಲ. ತಪ್ಪಬೇಕು ಎನಿಸಿದ್ದು ಎಷ್ಟು ಸಲವೋ, ಅದನ್ನು ಕೇಳಬೇಡಿ.

ಆಮೇಲೆ ಅವನಿಗೆ ಹಿಡಿದದ್ದು ವೈನಿನ ಹುಚ್ಚು. ಅವನು ಹುಟ್ಟಿದ ಡಾಲ್ಮೇಷಿಯಾದ ಕರಾವಳಿಯಲ್ಲಿ ಅವನ ಅಪ್ಪ ಮನೆಯ ಕೆಳಗಿನ ಕಲ್ಲುಕೋಣೆಯಲ್ಲಿ ವೈನ್ ಇಡುತ್ತಿದ್ದವನು. ಅಲ್ಲಿ ಮಕ್ಕಳು ಕುಣಿಯುವಂತಿರಲಿಲ್ಲ, ದೊಡ್ಡವರು ಸಿಳ್ಳೆ ಹಾಕುವಂತಿರಲಿಲ್ಲ. ವೈನ್ ಮಲಗಿದೆ, ಎಬ್ಬಿಸಬೇಡಿ ಎನ್ನುತ್ತಿದ್ದ ಅಪ್ಪ. ಮಗನೋ ಲಾರಿಯಲ್ಲಿ ದ್ರಾಕ್ಷಿ ತರಿಸಿ, ಹಿಂಡಿ, ಸೀಸೆಗಳನ್ನು ಒಯ್ದು ನಿಲ್ಲಿಸಿದ್ದು ಗಡಗಡ ಅಲುಗುವ ಹಳೇ ಫ್ರಿಜ್ಜಿನ ಪಕ್ಕದಲ್ಲಿ. ಅಲ್ಲಿ ಹಿಡಿಸದೇ ಹೋದವು ಹೊರಗಿನ ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಬೆಂದು ಬಿರಡೆ ಹಾರಿಸಿಕೊಂಡವು. ಕ್ರಿಸ್‌ಮಸ್ ಊಟಕ್ಕೆ ಬಂದ ಸ್ಟೆಲಿಯೊಸ್ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಹುಳಿಗೆ ಮುಖ ಹಿಂಡಿ, "ಸೌತೆಕಾಯಿ ಮೇಲೆ ಹಾಕ್ಕೊಂಡ್ರೆ ಬಲು ಚೆನ್ನಾಗಿರುತ್ತೆ ಮಾರಾಯಾ" ಎಂದ. ಅಪ್ಪನದರಂಥ ಕೋಣೆಯೇ ಬೇಕೆಂದು ಫ್ರಾನೆ ಅಂದೇ ತೀರ್ಮಾನಿಸಿದ.

ಕೋಣೆ ಬೇಕೆಂದು ಕೇಳಿದಾಗ ನೆವೆಂಕಾ ಅವನನ್ನು ಮೇಲಿಂದ ಕೆಳಗಿನವರೆಗೆ ಅಳೆದಳು.

"ವೈನಿಗೆ?"

"ವೈನಿಗೇ."

"ಎಷ್ಟು ಅಗಲ?"

"ಎರಡು ಗೋಡೆಗೆ ಸೀಸೆ, ಮಧ್ಯೆ ನಾನು."

"ನೀನು ದಪ್ಪ ಆಗಬೇಡ ಹಾಗಾದ್ರೆ. ಅದಕ್ಕಿಂತ ಒಂದು ಗೇಣು ಜಾಸ್ತಿ ಹೋದ್ರೂ ನನಗೆ ಗೊತ್ತಾಗುತ್ತೆ."

ಫ್ರಾನೆ ಅಗೆದ. ಹೊರಗೆ ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಸ್ಟೆಲಿಯೊಸ್ ನಾಯಿ ತಿರುಗಿಸುವ ನೆಪದಲ್ಲಿ ದಿನಾ ಕೂತು ಕಲ್ಲು ಹೆಕ್ಕಿದ. ನಾಯಿಗೂ ಬೇಜಾರಾಗಿ ಅದು ಒಬ್ಬಂಟಿಯಾಗಿ ಮನೆಗೆ ಹೋಗುತ್ತಿತ್ತು. ಏನೂ ಸಿಗಲಿಲ್ಲ. ಕೋಣೆ ಮುಗಿಯಿತು, ಗಟ್ಟಿ ಬಾಗಿಲು ಬಂತು, ಹಳೇ ಮಂಚದ ಹಲಗೆಗಳೇ ಕಪಾಟುಗಳಾದವು. ಚಳಿಗಾಲ ಕಳೆದು ಹೊಸ ವೈನ್ ತಯಾರಾದ ಮೇಲೆ, ಬಿರಡೆ ಸದಾ ಒದ್ದೆಯಾಗಿರಲಿ ಎಂದು ಸೀಸೆಗಳನ್ನು ಅಡ್ಡ ಮಲಗಿಸಿದ. ಆದರೆ ಈ ಮರಳುಗಾಡಿನ ಗಾಳಿ ಹೊರಗಿನಿಂದಲೂ ಬಿರಡೆಯನ್ನು ಹೀರುವಂಥದ್ದು. ಅದಕ್ಕೆ ನೆಲಕ್ಕೆ ಮರಳು ಹರಡಿದ, ಗೋಣಿತಾಟು ನೆನೆಸಿ ನೇತುಹಾಕಿದ, ಗೋಡೆಗೆ ನೀರು ಚಿಮುಕಿಸಿದ.

ನೀರು ಬಿದ್ದದ್ದೇ, ಮೂಲೆಯ ಗೋಡೆಯಲ್ಲಿ ಬಣ್ಣ ಎದ್ದಿತು.

ಒಣ ಧೂಳಿನಲ್ಲಿ, ಅದೂ ಪೊರೆ ಬಂದ ಕಣ್ಣಿಗೆ, ಅಗೆಯುವಾಗ ಕಂಡಿರಲಿಲ್ಲ. ಒದ್ದೆಯಾದ ಓಪಲ್ ಅಡಗಿಕೊಳ್ಳುವುದಿಲ್ಲ. ಬೆರಳಗಲದ ಹಸಿರು ಗೆರೆ, ನಡುನಡುವೆ ಕೆಂಪು ಕಿಡಿ, ಕಲ್ಲಿನೊಳಕ್ಕೆ ನುಗ್ಗಿಹೋಗಿತ್ತು. ಎಷ್ಟು ದೂರ ಹೋಗಿದೆಯೋ. ಬದುಕಿಡೀ ಹುಡುಕಿದ್ದು ಅವನ ಅಡುಗೆಮನೆಯ ಹಿಂದೆ ಕೂತಿತ್ತು. ಫ್ರಾನೆಯ ಕೈ ತನ್ನಷ್ಟಕ್ಕೇ ಪಿಕಾಸಿ ಹುಡುಕಿತು.

ಆಗಲೇ ಭಯ ಬಡಿದದ್ದು. ನೆವೆಂಕಾ ಇದನ್ನು ಕಂಡರೆ ಇನ್ನೇನು ಅಂದುಕೊಂಡಾಳು? ವೈನ್ ಬರೀ ನೆಪ, ಆಣೆ ಬರೀ ಬಾಯಿಮಾತು ಎಂದೇ. ತಾನು ಅವಳ ಜಾಗದಲ್ಲಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ ಎಂಬುದು ಅವನಿಗೆ ಇನ್ನೂ ದೊಡ್ಡ ಸಂಕಟ. ಪಿಕಾಸಿಯನ್ನು ಹೊರಗಿಟ್ಟು ಬಂದ. ಗೆರೆಯ ಮೇಲೆ ಗೋಣಿತಾಟು ಇಳಿಬಿಟ್ಟ. ಅಂದಿನಿಂದ ಗೋಡೆಗೆ ನೀರು ಹಾಕುವ ಕೆಲಸ ಅವನೊಬ್ಬನದೇ. ಬೆಳಿಗ್ಗೆ ಬಾಗಿಲು ಹಾಕಿಕೊಂಡು, ತಾಟು ಎತ್ತಿ, ಸ್ವಲ್ಪ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು ಹೊರಬರುತ್ತಿದ್ದ.

"ವೈನಿಗೆ ಜೋಗುಳ ಹಾಡ್ತೀಯಾ ಒಳಗೆ?" ಎಂದು ಕೇಳುತ್ತಿದ್ದಳು ನೆವೆಂಕಾ.

ಬೇಸಿಗೆ ಹತ್ತಿರವಾದಾಗ ಕಣ್ಣಿನ ಪೊರೆ ತೆಗೆಸಲು ಪೋರ್ಟ್ ಆಗಸ್ಟಾಗೆ ಹೋಗಲೇಬೇಕಾಯಿತು. ಹೊರಡುವಾಗ ಹೊಸ್ತಿಲಲ್ಲಿ ಮೂರು ಸಲ ತಿರುಗಿ, "ಗೋಡೆಗೆ ನೀರು ಹಾಕಬೇಡ" ಎಂದ. ಹಾಗೆ ಹೇಳದೇ ಇದ್ದಿದ್ದರೆ ಅವಳಿಗೆ ನೆನಪೂ ಆಗುತ್ತಿರಲಿಲ್ಲ.

ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿಳಿದು ಬಂದಾಗ, ಬಾಗಿಲ ಪಕ್ಕದಲ್ಲಿ ಪೆಟ್ಟಿಗೆ ಕೂತಿತ್ತು. ಫ್ರಾನೆ ಒಳಗೆ ಓಡಿದ. ವೈನ್ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಗೋಣಿತಾಟು ನೆಲದ ಮೇಲಿತ್ತು, ಒದ್ದೆ ಗೋಡೆಯ ಎದುರು ನೆವೆಂಕಾ ಸ್ಟೂಲ್ ಹಾಕಿಕೊಂಡು ಕೂತಿದ್ದಳು.

"ಯಾವಾಗ ಕಂಡಿದ್ದು?" ಎಂದಳು, ತಿರುಗದೆ.

"ಸೀಸೆ ಜೋಡಿಸಿದ ದಿನ." ಅವನು ಹೊಸ್ತಿಲಲ್ಲೇ ನಿಂತ. "ನೆವೆಂಕಾ, ನನಗೆ ಗೊತ್ತಿರಲಿಲ್ಲ. ನಾನು ವೈನಿಗೇ..."

"ಸುಮ್ನಿರು. ನಾನು ಓಪಲ್ ಅಗೆಯೋನ ಹೆಂಡತಿ. ಗೋಡೆ ಓದೋಕೆ ನನಗೂ ಬರುತ್ತೆ." ಅವಳು ಗೆರೆಯ ಸುತ್ತ ಕೈಯಾಡಿಸಿದಳು. "ಬಟ್ಟೆಯೆಲ್ಲ ತುಂಬಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಡೋಳಿದ್ದೆ. ಆಮೇಲೆ ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡಿದೆ. ಒಂದು ಉಗುರಿನ ಗೀರೂ ಇಲ್ಲ ಇಲ್ಲಿ. ಇಷ್ಟು ತಿಂಗಳು ಇದನ್ನ ಮುಂದಿಟ್ಕೊಂಡು ಹೇಗಿದ್ದೆಯೋ?"

"ಮಾತು ಕೊಟ್ಟಿದ್ನಲ್ಲ."

ಅವಳು ಈಗ ಅವನತ್ತ ತಿರುಗಿದಳು. "ನಿನ್ನನ್ನ ನಾನು ಒಂದು ದಿನಾನೂ ನಂಬಿರಲಿಲ್ಲ ಫ್ರಾನೆ," ಎಂದಳು.

ಫ್ರಾನೆ ಅವಳ ಹೆಗಲ ಮೇಲೆ ಕೈಯಿಟ್ಟು, ಹೊಸ ಕಣ್ಣಿನ ಪಟ್ಟಿ ಸರಿಸಿ ಗೋಡೆಗೆ ಬಗ್ಗಿದ. ಬಣ್ಣ ಹಿಂದೆಂದೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಗೆರೆಯ ತುದಿಯಲ್ಲಿ ಇನ್ನೊಂದೂ ಕಂಡಿತು.

"ಉಗುರಿನ ಗೀರಿಲ್ಲ ಅಂದ್ಯಲ್ಲ, ಇದೇನಿದು ಕೆರೆದಿರೋದು?"

ನೆವೆಂಕಾ ಏಪ್ರನ್ನಿನ ಜೇಬನ್ನು ಕೈಯಿಂದ ಮುಚ್ಚಿಕೊಂಡಳು. ಜೇಬಿನಿಂದ ಬಗ್ಗಿಹೋದ ಚಮಚವೊಂದು ಇಣುಕುತ್ತಿತ್ತು.

"ಸ್ವಲ್ಪ ನೋಡೋಣ ಅಂತ," ಎಂದಳು. ಕಿವಿಯವರೆಗೂ ಕೆಂಪಾಗಿದ್ದಳು. ಆಮೇಲೆ ತಡೆಯಲಾರದೆ, "ಇನ್ನೊಂದೇ ಒಂದು ಮೀಟರ್ ಹೋದ್ರೆ..."

ಫ್ರಾನೆ ನಗಲು ಹೋಗಿ ಪಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದ. "ಮೆಲ್ಲಗೆ. ವೈನ್ ಮಲಗಿದೆ."

"ಏಳೋದು ಯಾವಾಗ?"

"ಕುಡಿದು ಮುಗಿದ್ಮೇಲೆ. ಅಲ್ಲೀತನಕ ಇಲ್ಲಿ ಪಿಕಾಸಿ ಇಲ್ಲ."

ನೆವೆಂಕಾ ಕಪಾಟುಗಳನ್ನು ಕೆಳಗಿನಿಂದ ಮೇಲಿನವರೆಗೆ ಕಣ್ಣಲ್ಲೇ ಲೆಕ್ಕ ಹಾಕಿದಳು. ಹತ್ತಿರದ ಸೀಸೆಯೊಂದನ್ನು ಎಳೆದು ಅವನ ಕೈಗೆ ಕೊಟ್ಟಳು. "ಸ್ಟೆಲಿಯೊಸ್‌ನನ್ನೂ ಕರಿ. ಅವನು ಜಾಸ್ತಿ ಕುಡೀತಾನೆ. ಅದಕ್ಕೆ ಮುಂಚೆ ಆ ಪೆಟ್ಟಿಗೆ ಅಟ್ಟದ ಮೇಲೆ ಇಟ್ಟುಬಿಡು, ಖಾಲಿ ಮಾಡಿ ಆಯ್ತು. ನನಗೆ ಅಷ್ಟೆತ್ತರ ಎಟುಕಲ್ಲ."