ಸೋಮವಾರದ ಎರಡು ಎಬಿ

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ನಾನು ಯಾರಿಗೂ ಬೇಕೆಂದೇ ತಪ್ಪು ಹೇಳಿಕೊಟ್ಟವನಲ್ಲ. ಸರಿಯಾದದ್ದನ್ನು ಬೇಕೆಂದೇ ತಡವಾಗಿ ಹೇಳಿಕೊಟ್ಟದ್ದು ಒಮ್ಮೆ ಮಾತ್ರ, ಅದೂ ನಿವೃತ್ತಿಯ ನಂತರ. ಇಲಾಖೆ ಇನ್ನು ಕ್ರಮ ಕೈಗೊಳ್ಳುವಂತಿಲ್ಲವಾದ್ದರಿಂದ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಕಾರ್ಕಳದ ಹೈಸ್ಕೂಲಿನಿಂದ ಬಿಡುಗಡೆಯಾದ ಮೇಲೆ ಕಾಪುವಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುತ್ತಿದ್ದವರೆಲ್ಲ ಈಗ ಕೇಳುವುದನ್ನೂ ನಿಲ್ಲಿಸಿದ್ದಾರೆ, ಬೇಸರವೆಂದರೆ ಅದೊಂದೇ. ಒಂದರ ವರ್ಗ ಒಂದು, ಘನವೂ ಒಂದು; ಒಂದನ್ನು ಅದರಿಂದಲೇ ಎಷ್ಟು ಸಲ ಗುಣಿಸಿದರೂ ಬೆಳೆಯುವುದಿಲ್ಲ ಎಂದು ತರಗತಿಯಲ್ಲಿ ನಗಿಸುತ್ತಿದ್ದೆ. ಸಂಜೆ ಐದರಿಂದ ಎಂಟರವರೆಗೆ ಗೋಡೆ ನೋಡುತ್ತ ಕುಳಿತರೆ, ಆ ಮಕ್ಕಳು ನಕ್ಕದ್ದು ಯಾತಕ್ಕೆ ಎಂದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಕುಸುಮ ಬಂದರು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು, ವಯಸ್ಸು ನಲವತ್ತರ ಹತ್ತಿರ. ಅಂಗನವಾಡಿಯ ಕೆಲಸಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಗಣಿತ ಎರಡು ಸಲ ಕೈಕೊಟ್ಟಿತ್ತು. ಸೋಮವಾರ ನಮ್ಮೂರಲ್ಲಿ ಮೀನು ತಿನ್ನದ ಮನೆಗಳು ಹೆಚ್ಚು. ಹಾಗಾಗಿ ಪಾಠ ಸೋಮವಾರ ಎಂದಾಯಿತು. ನಾನು ಭಾನುವಾರವೇ ಅಂಗಿಗೆ ಇಸ್ತ್ರಿ ಹಾಕತೊಡಗಿದೆ.

ಎ ಪ್ಲಸ್ ಬಿ ಇದರ ವರ್ಗವೆಷ್ಟು ಎಂದರೆ ಅವರು ಪ್ರತಿ ಸಲ ಎ ವರ್ಗ, ಬಿ ವರ್ಗ ಬರೆದು ಪೆನ್ನು ಕೆಳಗಿಡುತ್ತಿದ್ದರು. ನಡುವಿನ ಎರಡು ಎಬಿ ಕಾಣೆ. ಇದಕ್ಕೊಂದು ಚಿತ್ರವುಂಟು, ಬಿಡಿಸಿದರೆ ಹತ್ತು ನಿಮಿಷದಲ್ಲಿ ಯಾರಿಗಾದರೂ ತಿಳಿಯುತ್ತದೆ. ನನಗದು ಗೊತ್ತಿತ್ತು. ಆದರೂ ಐದು ಸೋಮವಾರ ಬಿಡಿಸಲಿಲ್ಲ. "ಇನ್ನೊಮ್ಮೆ ಬರೆಯಿರಿ, ಅಭ್ಯಾಸವಾಗಬೇಕು" ಎಂದು ಗಂಭೀರವಾಗಿ ಹೇಳಿ ಚಹಾಕ್ಕೆ ನೀರಿಡುತ್ತಿದ್ದೆ.

ಆರನೆಯ ಸೋಮವಾರ ಅವರು ಪುಸ್ತಕ ಮುಚ್ಚಿದರು. "ನನ್ನ ತಲೆಗೆ ಇದು ಹೋಗುವುದಿಲ್ಲ ಸಾರ್. ಈ ಸಲ ಫೀಸು ಕಟ್ಟುವುದು ಬೇಡ ಅಂತ ಮಾಡಿದೆ."

ನಾನು ಪೆನ್ನು ಕೈಗೆತ್ತಿಕೊಂಡೆ. ಒಂದು ದೊಡ್ಡ ಚೌಕ ಎಳೆದೆ. ಒಂದು ಮೂಲೆಯಲ್ಲಿ ಎ ಅಳತೆಯ ಚೌಕ, ಎದುರು ಮೂಲೆಯಲ್ಲಿ ಬಿ ಅಳತೆಯದು. "ಇದು ಮೀನು ಒಣಗಿಸುವ ಅಂಗಳ ಅಂತ ತಿಳಿಯಿರಿ. ಎರಡು ಚಾಪೆ ಹಾಸಿ ಆಯಿತು. ಅಂಗಳ ತುಂಬಿತಾ?"

"ತುಂಬುವುದೆಂತ? ಆಚೆ ಈಚೆ ಎರಡು ಉದ್ದ ಜಾಗ ಖಾಲಿ ಉಂಟಲ್ಲ. ಇಷ್ಟು ಬಿಸಿಲು ಹಾಳು ಮಾಡಿದರೆ ನಮ್ಮ ಅತ್ತೆ ಬಿಡ್ತಾರಾ?"

"ಆ ಎರಡು ಜಾಗವೇ ಎರಡು ಎಬಿ."

ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. "ಇದನ್ನು ಮೊದಲೇ ಬಿಡಿಸಬಹುದಿತ್ತು ಅಲ್ವಾ ಸಾರ್?"

"ಕಲಿಕೆಗೆ ಒಂದು ಕ್ರಮ ಉಂಟು" ಎಂದೆ. ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ.

ಆಮೇಲೆ ಅವರನ್ನು ತಡೆಯುವುದು ಕಷ್ಟವಾಯಿತು. ಒಂದು, ನಾಲ್ಕು, ಒಂಬತ್ತು, ಹದಿನಾರು ಎಂಬ ವರ್ಗಗಳ ಸಾಲನ್ನು ಬುಟ್ಟಿಯಲ್ಲಿ ಬಂಗುಡೆ ಮೀನು ಜೋಡಿಸುವಂತೆ ಜೋಡಿಸಿ ತಾವೇ ಹೇಳಿದರು: "ಒಂದಿದ್ದದ್ದು ನಾಲ್ಕಾಗ್ಲಿಕ್ಕೆ ಮೂರು ಬೇಕು, ಒಂಬತ್ತಾಗ್ಲಿಕ್ಕೆ ಮತ್ತೆ ಐದು. ಪ್ರತಿ ಸಲ ಎರಡೆರಡು ಜಾಸ್ತಿ." ನಾನು ಶ್ರೇಢಿಯ ಪಾಠ ಶುರು ಮಾಡುವ ಮೊದಲೇ ಅದು ಮುಗಿದಿತ್ತು.

ಪರೀಕ್ಷೆ ಬರೆದರು, ಪಾಸಾದರು, ಲಡ್ಡು ಕೊಟ್ಟು ಹೋದರು. ನಂತರದ ಸೋಮವಾರಗಳಲ್ಲಿಯೂ ನನ್ನ ಅಂಗಿಗೆ ಇಸ್ತ್ರಿ ಇತ್ತು. ಎದುರಿನ ಕುರ್ಚಿಯ ಮೇಲೆ ಪೇಪರು ಇಡತೊಡಗಿದೆ. ಅಲ್ಲಿ ಏನೂ ಇಲ್ಲದಿರುವುದು ಕಣ್ಣಿಗೆ ಚುಚ್ಚುತ್ತಿತ್ತು.

ಕಳೆದ ಸೋಮವಾರ ಬಾಗಿಲು ಬಡಿದ ಸದ್ದಾಯಿತು. ಕುಸುಮ, ಹಿಂದೆ ಇನ್ನಿಬ್ಬರು ಹೆಂಗಸರು.

"ಇವರಿಗೂ ಪರೀಕ್ಷೆ ಬರೆಯಬೇಕಂತೆ ಸಾರ್."

"ಸಂತೋಷ. ನೀವು ಪಾಸಾದಿರಲ್ಲ, ನೀವು ಯಾಕೆ?"

"ನಿಮ್ಮ ಗ್ರಂಥದ ಕನ್ನಡ ಇವರಿಗೆ ಅರ್ಥ ಆಗ್ಲಿಕ್ಕಿಲ್ಲ. ತುಳುವಿನಲ್ಲಿ ಹೇಳ್ಲಿಕ್ಕೆ ಯಾರಾದರೂ ಬೇಡ್ವಾ?" ಎಂದು ಚಪ್ಪಲಿ ಕಳಚಿದರು.

ಕುರ್ಚಿ ಇದ್ದದ್ದು ಎರಡು. ಚಾಪೆ ಹಾಸಿ ನಾಲ್ವರೂ ನೆಲದ ಮೇಲೆ ಕುಳಿತೆವು. ಆ ಚಿತ್ರವನ್ನು ಈ ಸಲ ಮೊದಲ ದಿನವೇ ಬಿಡಿಸಿದೆ. ಬೇಗ ಕಲಿತು ಹೋಗುವುದಾದರೆ ಹೋಗಲಿ. ಗೆರೆಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ಎಳೆದೆ.